ದಾರಿ ತಪ್ಪಿ ಬಂದ ಪಂದ್ಯದ ಪಾರಿವಾಳ: ನಾವು ಮಾಡಬೇಕಾದದ್ದೇನು?

ಕಣದ ಅಂಚಿನಲ್ಲಿಯೋ ಹಿತ್ತಲಿನ ನೀರಿನ ತೊಟ್ಟಿಯ ಬಳಿಯಲ್ಲಿಯೋ ಒಂದು ಪಾರಿವಾಳ ಒಂಟಿಯಾಗಿ ಬಂದು ಕೂರುವುದುಂಟು. ಗುಡಿಯ ಗೋಪುರದ ಪಾರಿವಾಳಗಳಂತೆ ಅದು ಹಿಂಡಿನೊಡನೆ ಇರುವುದಿಲ್ಲ. ಜನ ಹತ್ತಿರ ಹೋದರೂ ದೂರ ಹಾರುವುದಿಲ್ಲ. ರೆಕ್ಕೆ ಜೋತುಬಿದ್ದಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಬಗ್ಗಿ ನೋಡಿದರೆ ಕಾಲಿನಲ್ಲಿ ಒಂದು ಉಂಗುರ, ಅದರ ಮೇಲೆ ಅಕ್ಷರಗಳು ಮತ್ತು ಅಂಕಿಗಳು.

ಆಗ ಊರಿನಲ್ಲಿ ನಾನಾ ಮಾತು ಹುಟ್ಟುತ್ತವೆ. ಗೂಢಚಾರ ಹಕ್ಕಿ ಎನ್ನುವವರು ಕೆಲವರು. ಇಂದಿನ ಸಾರಿಗಾಯಿತು ಎನ್ನುವವರು ಕೆಲವರು. ರೆಕ್ಕೆ ಕತ್ತರಿಸಿ ನಮ್ಮ ಗೂಡಿಗೆ ಸೇರಿಸಿಕೊಳ್ಳೋಣ ಎನ್ನುವವರೂ ಇದ್ದಾರೆ. ಈ ಮೂರೂ ಸರಿಯಲ್ಲ. ಅದು ಬಹುಮಟ್ಟಿಗೆ ಯಾರೋ ಪ್ರೀತಿಯಿಂದ ಸಾಕಿದ, ಮನೆಗೆ ಹಿಂದಿರುಗುವ ದಾರಿಯಲ್ಲಿ ಸೋತು ಇಳಿದ ಪಂದ್ಯದ ಪಾರಿವಾಳ.

ಇದು ಯಾವ ಹಕ್ಕಿ?

ನಮ್ಮ ಬೆಂಗಳೂರಿನಲ್ಲಿಯೂ ಚೆನ್ನೈನಲ್ಲಿಯೂ ಇಂಥ ಪಾರಿವಾಳಗಳನ್ನು ಸಾಕಿ ಪಂದ್ಯ ನಡೆಸುವವರು ಅನೇಕರಿದ್ದಾರೆ. ಹಕ್ಕಿಗಳನ್ನು ಬುಟ್ಟಿಗಳಲ್ಲಿ ತುಂಬಿ, ಲಾರಿಯಲ್ಲಿ ನೂರಾರು ಕಿಲೋಮೀಟರ್ ದೂರ ಒಯ್ದು, ಬೆಳಗಿನ ಹೊತ್ತು ಎಲ್ಲವನ್ನೂ ಒಟ್ಟಿಗೆ ಹಾರಲು ಬಿಡುತ್ತಾರೆ. ಪ್ರತಿಯೊಂದು ಹಕ್ಕಿಯೂ ತನ್ನ ಗೂಡಿಗೇ ಹೋಗಬೇಕು. ದೂರವನ್ನು ಕಾಲದಿಂದ ಭಾಗಿಸಿ, ಯಾವುದು ಹೆಚ್ಚು ವೇಗವಾಗಿ ಬಂದಿತೆಂದು ತೀರ್ಮಾನಿಸುತ್ತಾರೆ. ಗಾಳಿ ಅನುಕೂಲವಾಗಿದ್ದರೆ ಹಕ್ಕಿ ಗಂಟೆಗೆ 60ರಿಂದ 80 ಕಿಲೋಮೀಟರ್ ಹಾರಬಲ್ಲದು. ಅದರ ತೂಕವಾದರೋ ಅರ್ಧ ಕಿಲೋಗ್ರಾಮಿನ ಒಳಗೆ.

ಈ ಹಕ್ಕಿಯ ಗುಣವನ್ನು ನಮ್ಮ ದೇಶದಲ್ಲಿ ಸರಕಾರದ ಕೆಲಸಕ್ಕೂ ಬಳಸಿಕೊಂಡಿದ್ದರು. ಒಡಿಶಾದ ಪೊಲೀಸ್ ಇಲಾಖೆ 1946ರಲ್ಲಿ ಪಾರಿವಾಳದ ಅಂಚೆಯನ್ನು ಆರಂಭಿಸಿತು. 1982ರ ಪ್ರವಾಹದಲ್ಲಿ, 1999ರ ಚಂಡಮಾರುತದಲ್ಲಿ ತಂತಿ ಸಂಪರ್ಕ ಕಡಿದುಹೋದಾಗ ಈ ಹಕ್ಕಿಗಳೇ ಸಂದೇಶ ಒಯ್ದವು.

ಕಾಲುಂಗುರದ ಅರ್ಥ

ಮರಿಗೆ ಸುಮಾರು ಒಂದು ವಾರವಾದಾಗ ಅದರ ಕಾಲಿಗೆ ಉಂಗುರ ತೊಡಿಸುತ್ತಾರೆ. ಮುಂದಿನ ಮೂರು ಬೆರಳುಗಳ ಮೇಲಿಂದ ಉಂಗುರವನ್ನು ಏರಿಸಿ, ಹಿಂದಿನ ಬೆರಳನ್ನು ಮೆಲ್ಲಗೆ ಹೊರಕ್ಕೆ ಎಳೆಯುತ್ತಾರೆ. ಕಾಲು ಬೆಳೆದ ಮೇಲೆ ಅದು ಕಳಚುವುದಿಲ್ಲ. ಅದರ ಮೇಲೆ ದೇಶದ ಅಥವಾ ಸಂಘದ ಗುರುತು, ಮರಿ ಹುಟ್ಟಿದ ವರ್ಷ ಮತ್ತು ಕ್ರಮಸಂಖ್ಯೆ ಇರುತ್ತವೆ. ನಮ್ಮ ದನಗಳ ಕಿವಿಗೆ ಹಾಕುವ ಓಲೆ ಹೇಗೋ ಹಾಗೆಯೇ ಇದು.

ಇನ್ನೊಂದು ಕಾಲಿನಲ್ಲಿ ಪ್ಲಾಸ್ಟಿಕ್ಕಿನ ದಪ್ಪ ಉಂಗುರವಿದ್ದರೂ ಗಾಬರಿ ಬೇಡ. ಹಕ್ಕಿ ತನ್ನ ಗೂಡಿನ ಬಾಗಿಲಿನ ಹಲಗೆಯ ಮೇಲೆ ಕಾಲಿಟ್ಟಾಗ ಬಂದ ವೇಳೆಯನ್ನು ಯಂತ್ರ ಗುರುತಿಸಿಕೊಳ್ಳಲೆಂದು ಅದನ್ನು ಹಾಕಿರುತ್ತಾರೆ. ಅದು ಚಿತ್ರ ತೆಗೆಯುವುದಿಲ್ಲ, ಮಾತು ಕೇಳುವುದಿಲ್ಲ.

ಈ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯ ಒಂದು ಘಟನೆ ಸಾಕ್ಷಿ. 2023ರ ಮೇ ತಿಂಗಳಲ್ಲಿ ಅಲ್ಲಿನ ಬಂದರಿನ ಬಳಿ ಕಾಲುಂಗುರವಿದ್ದ ಪಾರಿವಾಳವೊಂದು ಸಿಕ್ಕಿತು. ಚೀನೀ ಲಿಪಿಯಂತೆ ಕಂಡ ಬರಹವಿದ್ದುದರಿಂದ ಗೂಢಚಾರಿಕೆಯ ಸಂಶಯ ಬಂದಿತು. ಕೊನೆಗೆ ಅದು ತೈವಾನಿನ ಪಂದ್ಯದ ಹಕ್ಕಿಯೆಂದು ತಿಳಿಯಿತು. ಅಷ್ಟರಲ್ಲಿ ಎಂಟು ತಿಂಗಳು ಸೆರೆಯಲ್ಲಿ ಕಳೆದ ಆ ಹಕ್ಕಿಗೆ 2024ರ ಜನವರಿಯಲ್ಲಿ ಬಿಡುಗಡೆಯಾಯಿತು.

ದಾರಿ ತಿಳಿಯುವುದು ಹೇಗೆ? ತಪ್ಪುವುದೇಕೆ?

ಪಾರಿವಾಳ ಒಂದೇ ಉಪಾಯವನ್ನು ನಂಬಿ ಹಾರುವುದಿಲ್ಲ. ಸೂರ್ಯನಿರುವ ಸ್ಥಾನವನ್ನು ನೋಡಿ ದಿಕ್ಕು ತಿಳಿಯುತ್ತದೆ. ಮೋಡ ಕವಿದಾಗ ಭೂಮಿಯ ಕಾಂತಶಕ್ತಿ ನೆರವಾಗುತ್ತದೆ. ಅಮೆರಿಕದ ವಿಜ್ಞಾನಿ ವಿಲಿಯಂ ಕೀಟನ್ ಅವರು ಹಕ್ಕಿಗಳಿಗೆ ಸಣ್ಣ ಅಯಸ್ಕಾಂತ ಕಟ್ಟಿ ಬಿಟ್ಟಾಗ ಮೋಡದ ದಿನ ಅವು ದಿಕ್ಕುಗೆಟ್ಟವೆಂದು 1971ರಲ್ಲಿ ಪ್ರಕಟಿಸಿದರು. ಮರುವರ್ಷ ಇಟಲಿಯ ಫ್ಲೋರಿಯಾನೊ ಪಾಪಿ ಮತ್ತು ಅವರ ಜೊತೆಗಾರರು, ಗಾಳಿಯಲ್ಲಿ ತೇಲಿ ಬರುವ ವಾಸನೆಯೂ ಹಕ್ಕಿಗೆ ದಾರಿ ತೋರುತ್ತದೆಂದು ತಿಳಿಸಿದರು. ಪರಿಚಿತ ಸೀಮೆಗೆ ಬಂದ ಮೇಲೆ ಅದು ನಮ್ಮಂತೆಯೇ ಹೆದ್ದಾರಿ, ರೈಲುದಾರಿಗಳ ಗುರುತು ಹಿಡಿದು ಸಾಗುವುದೂ ಉಂಟು.

ಇಷ್ಟಿದ್ದರೂ ದಾರಿಯಲ್ಲಿ ಆಪತ್ತುಗಳಿವೆ. ಗಿಡುಗ ಬೆನ್ನಟ್ಟಿದರೆ ಹಿಂಡು ಚದುರುತ್ತದೆ. ಎದುರುಗಾಳಿ, ಗುಡುಗು ಮಳೆ, ಬಿಸಿಲಿನ ದಾಹ, ವಿದ್ಯುತ್ ತಂತಿ, ಇವೆಲ್ಲ ಹಕ್ಕಿಯನ್ನು ಕೆಡವುತ್ತವೆ. 1997ರ ಜೂನ್ 29ರಂದು ಫ್ರಾನ್ಸಿನ ನಾಂಟ್ ಎಂಬ ಊರಿನಿಂದ ಇಂಗ್ಲೆಂಡಿನ ಗೂಡುಗಳಿಗೆ 60,000ದಷ್ಟು ಹಕ್ಕಿಗಳನ್ನು ಬಿಟ್ಟಾಗ ಸಾವಿರಾರು ಹಕ್ಕಿಗಳು ಮನೆ ಸೇರಲೇ ಇಲ್ಲ. ಪಳಗಿದ ಹಕ್ಕಿಗೂ ಹೀಗಾಗುತ್ತದೆ. ನಮ್ಮ ಅಂಗಳಕ್ಕೆ ಇಳಿದ ಹಕ್ಕಿ ಮನೆ ಮರೆತಿದೆಯೆಂದು ತಿಳಿಯಬಾರದು. ಹೆಚ್ಚಿನ ಸಂದರ್ಭಗಳಲ್ಲಿ ಅದಕ್ಕೆ ಬೇಕಾದುದು ನೀರು, ಕಾಳು ಮತ್ತು ಒಂದೆರಡು ದಿನದ ವಿಶ್ರಾಂತಿ.

ಉಪಚಾರ ಮಾಡುವ ಕ್ರಮ

ಮೊದಲು ನೀರು. ಪಾರಿವಾಳ ಕೋಳಿಯಂತೆ ತಲೆಯೆತ್ತಿ ಗುಟುಕಿಸುವುದಿಲ್ಲ. ಕೊಕ್ಕನ್ನು ಮುಳುಗಿಸಿ ದನದಂತೆ ಹೀರುತ್ತದೆ. ಆದ್ದರಿಂದ ಎರಡು ಬೆರಳಿನಷ್ಟು ಆಳದ ಬಟ್ಟಲಿನಲ್ಲಿ ಶುದ್ಧ ನೀರಿಡಿ. ಬಾಯಿ ಬಿಡಿಸಿ ಸುರಿಯಬೇಡಿ. ಹಾಗೆ ಮಾಡಿದರೆ ನೀರು ಶ್ವಾಸಕೋಶಕ್ಕೆ ಇಳಿದು ಹಕ್ಕಿ ಸಾಯುತ್ತದೆ.

ಅನಂತರ ಕಾಳು. ಜೋಳ, ಸಜ್ಜೆ, ಗೋಧಿ, ಒಡೆದ ಮುಸುಕಿನ ಜೋಳ, ಹೆಸರುಕಾಳು, ಒಣ ಅಕ್ಕಿ, ಇವುಗಳಲ್ಲಿ ಮನೆಯಲ್ಲಿ ಇದ್ದದ್ದನ್ನು ಕೊಡಬಹುದು. ದಿನಕ್ಕೆ ಸುಮಾರು 30 ಗ್ರಾಂ, ಎಂದರೆ ಒಂದು ಹಿಡಿ, ಸಾಕು. ಅನ್ನ, ರೊಟ್ಟಿ, ಹಾಲು ಬೇಡ. ಒಂದು ಎಚ್ಚರಿಕೆಯನ್ನು ಎಂದೂ ಮರೆಯಬಾರದು: ಔಷಧಿ ಬೆರೆಸಿದ ಬಿತ್ತನೆ ಬೀಜವನ್ನು ಹಾಕಬೇಡಿ. ಅದು ಹಕ್ಕಿಗೆ ವಿಷ.

ಹಕ್ಕಿ ಹಾರಲಾರದಷ್ಟು ಸೋತಿದ್ದರೆ ಹಗುರ ಬಟ್ಟೆ ಹೊದಿಸಿ, ಎರಡೂ ಕೈಗಳಿಂದ ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿಯಿರಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಯೋ, ಕೋಳಿ ಮುಚ್ಚುವ ಬುಟ್ಟಿಯ ಕೆಳಗೋ ನೆರಳಿನಲ್ಲಿ ಇರಿಸಿ. ಬುಟ್ಟಿಯ ಮೇಲೊಂದು ಕಲ್ಲು ಹೇರಿ. ಬೆಕ್ಕು, ನಾಯಿ ಸುಳಿಯದಂತೆ ನೋಡಿಕೊಳ್ಳಿ. ಮಕ್ಕಳು ಮುಟ್ಟಿ ಮುಟ್ಟಿ ನೋಡುವುದನ್ನು ತಡೆಯಿರಿ.

ನಿಮ್ಮ ಕೋಳಿಗಳಿಂದಲೂ ಸಾಕು ಪಾರಿವಾಳಗಳಿಂದಲೂ ಅದನ್ನು ಬೇರೆಯಾಗಿಯೇ ಇರಿಸಿ. ರಾಣಿಖೇತ್ ಜಾತಿಯ ರೋಗ ಪಾರಿವಾಳಕ್ಕೂ ಬರುತ್ತದೆ. ಕುತ್ತಿಗೆ ತಿರುಚುವುದು, ಹಸಿರು ಹಿಕ್ಕೆ ಹಾಕುವುದು ಕಂಡರೆ ಪಶುವೈದ್ಯರಿಗೆ ತಿಳಿಸಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ರೆಕ್ಕೆ ಮುರಿದಿದ್ದರೆ, ಗಿಡುಗನ ಉಗುರಿನ ಗಾಯವಿದ್ದರೆ ಮನೆಮದ್ದು ಹಚ್ಚದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಉಂಗುರದ ಅಕ್ಷರ, ಅಂಕಿಗಳನ್ನು ಕಾಗದದಲ್ಲಿ ಬರೆದುಕೊಳ್ಳಿ, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ನೋಡಿರಿ. ಕೆಲವು ಯಜಮಾನರು ಗರಿಯ ಮೇಲೆ ದೂರವಾಣಿ ಸಂಖ್ಯೆಯ ಮುದ್ರೆ ಒತ್ತಿರುತ್ತಾರೆ. ಸಂಖ್ಯೆ ಸಿಕ್ಕಿದರೆ ಕರೆ ಮಾಡಿ ತಿಳಿಸಿ. ಹಕ್ಕಿ ಸತ್ತು ಬಿದ್ದಿದ್ದರೂ ತಿಳಿಸುವುದು ಒಳ್ಳೆಯದು. ಯಜಮಾನ ಕಾಯುವುದಾದರೂ ತಪ್ಪುತ್ತದೆ.

ಬಿಡುವ ರೀತಿ

ಒಂದೆರಡು ದಿನಗಳಲ್ಲಿ ಹಕ್ಕಿಯ ಕಣ್ಣು ಹೊಳೆಯುತ್ತದೆ, ರೆಕ್ಕೆ ಬಿಗಿಯಾಗುತ್ತದೆ, ಪೆಟ್ಟಿಗೆಯಲ್ಲಿ ಚಡಪಡಿಸುತ್ತದೆ. ಆಗ ಆಕಾಶ ತಿಳಿಯಾಗಿರುವ ದಿನ, ಬಿಸಿಲೇರುವ ಮೊದಲು, ತಂತಿ ಮತ್ತು ಮರಗಳಿಲ್ಲದ ಬಯಲಿಗೆ ಒಯ್ಯಿರಿ. ಸ್ವಲ್ಪ ನೀರು ಕುಡಿಸಿ ಪೆಟ್ಟಿಗೆಯ ಬಾಯಿ ತೆರೆದು ಹಿಂದೆ ಸರಿದು ನಿಲ್ಲಿ. ಮೇಲಕ್ಕೆ ಎಸೆಯಬೇಡಿ. ಹಕ್ಕಿ ತಾನಾಗಿಯೇ ಏರಿ, ಒಂದೆರಡು ಸುತ್ತು ಹಾಕಿ, ದಿಕ್ಕು ಹಿಡಿಯುತ್ತದೆ. ಸಂಜೆಯಲ್ಲಿಯೂ ಮಳೆಯಲ್ಲಿಯೂ ಬಿಡಬೇಡಿ. ಅದು ಹಗಲಿನಲ್ಲಿ ಹಾರುವ ಹಕ್ಕಿ. ಇಂಥ ಊರಿನದಿರಬಹುದೆಂದು ಊಹಿಸಿ ಬಸ್ಸಿನಲ್ಲಿ ಬೇರೆಡೆಗೆ ಸಾಗಿಸುವುದೂ ಬೇಡ.

ಮತ್ತೆ ನಿಮ್ಮ ಮನೆಗೇ ಬಂದು ಕುಳಿತರೆ ಇನ್ನೊಂದು ದಿನ ನೀರು, ಕಾಳು ಕೊಡಿ. ಆಮೇಲೆ ಕಾಳು ಹಾಕುವುದನ್ನು ಕಡಿಮೆ ಮಾಡುತ್ತಾ ಬನ್ನಿ. ಇಲ್ಲವಾದರೆ ಅದು ಅಲ್ಲಿಯೇ ನೆಲೆಸಿಬಿಡುತ್ತದೆ.

ರೈತ ಬಂಧುಗಳೇ, ನಮ್ಮ ಹೋರಿ ಹಗ್ಗ ಹರಿದುಕೊಂಡು ಪಕ್ಕದ ಊರಿಗೆ ಹೋದರೆ, ಅಲ್ಲಿನವರು ಅದಕ್ಕೆ ಹುಲ್ಲು ನೀರು ತೋರಿಸಿ ನಮಗೆ ಹೇಳಿ ಕಳುಹಿಸುವರೆಂದು ನಾವು ನೆಚ್ಚಿರುತ್ತೇವೆ. ಪಾರಿವಾಳ ಸಾಕಿದವನೂ ಸಂಜೆಯವರೆಗೆ ಮಾಳಿಗೆಯ ಮೇಲೆ ನಿಂತು ಆಕಾಶ ನೋಡುತ್ತಿರುತ್ತಾನೆ. ಉಂಗುರ ತೊಟ್ಟ ಹಕ್ಕಿ ನಿಮ್ಮ ಅಂಗಳಕ್ಕೆ ಬಂದರೆ ಮೊದಲು ಒಂದು ಬಟ್ಟಲು ನೀರಿಡಿ. ಈ ವಿಷಯವನ್ನು ನೆರೆಹೊರೆಯವರಿಗೂ ಶಾಲೆಯ ಮಕ್ಕಳಿಗೂ ತಿಳಿಸಿರಿ.