ಎಷ್ಟು ಮೈಲಾರ!

ಹಾವೇರಿ ಸೀಮೆಯಲ್ಲಿ ಅಡ್ಡಹೆಸರು ಕೇಳಿದರೆ ಸಾಕು, ಮನೆತನದ ಅರ್ಧ ಕತೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅಂಗಡಿ, ಹಿರೇಮಠ, ಬ್ಯಾಡಗಿ, ಮೆಣಸಿನಕಾಯಿ: ಕಸುಬು, ಮಠ, ಊರು, ಕಡೆಗೆ ಹೊಲದ ಬೆಳೆಯೂ ಹೆಸರಿನ ಹಿಂದೆ ಬಂದು ನಿಂತಿದೆ. ಈ ಪೈಕಿ ಅತಿ ದೂರ ಓಡಾಡಿದ್ದು ಮೈಲಾರ.

ಮೂಲದಲ್ಲಿ ಅದು ದೇವರು. ಮಣಿಕಾಸುರ, ಮಲ್ಲಾಸುರರನ್ನು ಕೊಂದ ಮಾರ್ತಾಂಡ ಭೈರವ. ಇಲ್ಲಿ ಮೈಲಾರಲಿಂಗ, ಜೇಜುರಿಯಲ್ಲಿ ಖಂಡೋಬ. ಊರೂ ಮೈಲಾರವೇ. ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗಿದೆ. ಬಳ್ಳಾರಿಯಲ್ಲಿದ್ದದ್ದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಭರತ ಹುಣ್ಣಿಮೆಯ ಜಾತ್ರೆಗೆ ನಮ್ಮ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಹೋಗುವುದು ಹಳೆಯ ವಾಡಿಕೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಜಾತ್ರೆಗೆ ಜಾತ್ರೆಯೇ ಗಪ್‌ಚಿಪ್. ಒಂದೇ ಸಾಲಿನ ಕಾರಣಿಕ ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆಮೇಲೆ ಶುರು ಅರ್ಥದ ಜಗಳ: ಮಳೆಯೋ, ಬೆಳೆಯೋ, ಸರ್ಕಾರವೋ? ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಇದೇ ದೇವರು ನವರಾತ್ರಿಯಲ್ಲಿ ಇನ್ನೊಂದು ಕಾರಣಿಕ ನುಡಿಸುತ್ತಾನೆ. ಎರಡರ ಭವಿಷ್ಯವನ್ನೂ ಕೂಡಿಸಿ ಲೆಕ್ಕ ಹಾಕುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಮೈಲಾರಪ್ಪ, ಮೈಲಾರಿ, ಮೈಲವ್ವ ಎಂದು ದೇವರು ಮನೆಮನೆಯ ತೊಟ್ಟಿಲಿಗೂ ಬಂದ. ‘ಗುರುಕರುಣ ತ್ರಿವಿಧಿ’ ಬರೆದ ಬಸವಲಿಂಗ ಶರಣರ ಹೆಸರಿನ ಮುಂದೆಯೂ ಮೈಲಾರವಿದೆ. ಮೈಸೂರಿನವರಿಗಾದರೆ ಮೈಲಾರಿ ಎಂದರೆ ಮೊದಲು ಬಾಯಿಗೆ ಬರುವುದು ಬೆಣ್ಣೆ ಹಾಕಿದ ಮೆತ್ತನೆ ದೋಸೆ. 2010ರಲ್ಲಿ ಶಿವರಾಜ್‌ಕುಮಾರ್ ಕೂಡ ತೆರೆಯ ಮೇಲೆ ಮೈಲಾರಿಯಾದರು.

ಇಷ್ಟೆಲ್ಲ ಇದ್ದರೂ ಹೊಸರಿತ್ತಿಯಲ್ಲಿ ನಿಂತು ಮೈಲಾರ ಎಂದರೆ ಅದು ಮಹದೇವಪ್ಪನೇ. ಹೊರಗಿನವರು ಅವರನ್ನು ಮೈಲಾರ ಊರಿನವರು ಎಂದುಕೊಳ್ಳುತ್ತಾರೆ. ಅವರ ಊರು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು, ಹುಟ್ಟಿದ್ದು 1911ರಲ್ಲಿ. ತಂದೆ ಮಾರ್ತಾಂಡಪ್ಪ. ಅಂದರೆ ಮಗನ ಅಡ್ಡಹೆಸರಿನಲ್ಲೂ ತಂದೆಯ ಹೆಸರಿನಲ್ಲೂ ಇದ್ದವನು ಒಬ್ಬನೇ ದೇವರು. 1930ರಲ್ಲಿ ಗಾಂಧಿ ದಂಡಿಗೆ ಹೊರಟಾಗ ಆ ತಂಡದಲ್ಲಿದ್ದ ಕನ್ನಡಿಗ ಈ ಹದಿನೆಂಟರ ಹುಡುಗ.

ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮಹದೇವಪ್ಪ ಭೂಗತರಾಗಿ ಸರ್ಕಾರದ ಆಡಳಿತಕ್ಕೆ ಅಡ್ಡಗಾಲಾದರು. ಹೊಸರಿತ್ತಿಯಲ್ಲಿ ರೈತರಿಂದ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವರ ಗುಡಿಯಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದರು. ಅದನ್ನು ವಶಪಡಿಸಿಕೊಳ್ಳಲು ಸಂಗಡಿಗರೊಂದಿಗೆ ಹೋದದ್ದು 1943ರ ಏಪ್ರಿಲ್ 1ರಂದು. ಗುಂಡು ಹಾರಿತು. ಸತ್ತವರು ಮೂವರು: ಮಹದೇವಪ್ಪ ಮೈಲಾರ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಒಂದು ದೇವರ ಹೆಸರು, ಒಂದು ಕಸುಬಿನದು, ಒಂದು ಮಠದ್ದು. ಯಾರ ಮನೆತನ ಯಾವುದೆಂದು ಸಾಲು ಹಚ್ಚಿ ಕೂರಿಸುವ ಸಮಾಜದಲ್ಲಿ ಅಂದು ಮೂವರೂ ಒಂದೇ ಕೆಲಸಕ್ಕೆ ಹೋಗಿದ್ದರು.

ನಾವು ಭಾಷಣಗಳಲ್ಲಿ ಮೊದಲ ಹೆಸರನ್ನು ಜೋರಾಗಿ ಕೂಗಿ ಉಳಿದೆರಡನ್ನು ‘ಮತ್ತು ಸಂಗಡಿಗರು’ ಎಂದು ಮುಗಿಸಿಬಿಡುತ್ತೇವೆ. ಇದು ನನಗೆ ಸರಿಕಾಣುವುದಿಲ್ಲ. ಚಳವಳಿಯಲ್ಲಿ ತಾವೂ ದುಡಿದ ಮಹದೇವಪ್ಪನವರ ಪತ್ನಿ ಸಿದ್ದಮ್ಮ ಮೈಲಾರರ ಹೆಸರಂತೂ ‘ಮತ್ತು’ ಎಂಬಲ್ಲಿಗೂ ಬರುವುದು ಅಪರೂಪ.