ಕಸವೆಂಬ ಹೆಸರು

ಕಳೆದ ವರ್ಷದ ಮಾತು. ನಮ್ಮೂರಿನ ಶಾಲೆಯೊಂದರವರು ತಮ್ಮ ವಾರ್ಷಿಕೋತ್ಸವದ ಅಂಗವಾಗಿ 'ಕಸದಿಂದ ರಸ' ಎಂಬ ಸ್ಪರ್ಧೆಯನ್ನು ಏರ್ಪಡಿಸಿ, ತೀರ್ಪುಗಾರರಲ್ಲಿ ಒಬ್ಬನಾಗಿ ಬರಬೇಕೆಂದು ನನ್ನನ್ನು ಕರೆದರು. ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ ರಸದ ವಿಷಯ ತಿಳಿದಿರಲೇಬೇಕೆಂದು ಅವರು ಎಣಿಸಿದ್ದರೋ ಏನೋ. ಕಸದ ವಿಷಯದಲ್ಲಿ ನನ್ನ ತಿಳಿವಳಿಕೆ ಎಷ್ಟೆಂಬುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉದ್ದನೆಯ ಮೇಜುಗಳ ಮೇಲೆ ಮಕ್ಕಳ ಕೃತಿಗಳು ಸಾಲಾಗಿ ಕುಳಿತಿದ್ದವು. ಐಸ್‌ಕ್ರೀಮ್ ಕಡ್ಡಿಗಳ ಅರಮನೆ, ಥರ್ಮೊಕೋಲಿನ ವಿಧಾನಸೌಧ, ಮಿಂಚುಕಾಗದ ಹೊದ್ದ ಹೂದಾನಿಗಳು. ಕೊನೆಯ ಮೇಜಿನ ಮೂಲೆಯಲ್ಲಿ ಒಂದು ಚಕ್ಕಡಿ. ಜೋಳದ ದಂಟಿನ ಮೈ, ಸೈಕಲ್ಲಿನ ಕಡ್ಡಿಯ ಅಚ್ಚು, ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಮಾಡಿದ ಗಾಲಿಗಳು. ಅದಕ್ಕೆ ಬಣ್ಣವಿರಲಿಲ್ಲ, ಒಂದು ಗಾಲಿ ತುಸು ಓರೆಯಾಗಿತ್ತು. ನಾವು ಮೂವರು ತೀರ್ಪುಗಾರರು ಕೂಡಿ ಆಲೋಚಿಸಿ ಅರಮನೆಗೆ ಮೊದಲನೆಯ ಪಾರಿತೋಷಕವನ್ನು ಕೊಟ್ಟೆವು. ಚಕ್ಕಡಿಗೆ ಸಮಾಧಾನದ ಬಹುಮಾನವೂ ದೊರೆಯಲಿಲ್ಲ.

ಸಮಾರಂಭ ಮುಗಿದು ಮೆಟ್ಟಿಲಿಳಿಯುತ್ತಿರುವಾಗ ಅರಮನೆಯ ಒಡೆಯನ ತಾಯಿ ಇನ್ನೊಬ್ಬರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಬರೀ ಕಡ್ಡಿ ಪ್ಯಾಕೀಟಿಗೇ ಇನ್ನೂರು ರೂಪಾಯಿ ಆತ್ ನೋಡ್ರಿ." ಆ ಕಡ್ಡಿಗಳು ಐಸ್‌ಕ್ರೀಮಿನ ಮುಖವನ್ನು ಕಂಡವುಗಳೇ ಅಲ್ಲ, ಅಂಗಡಿಯಿಂದ ಹೊಸದಾಗಿ ಕೊಂಡು ತಂದವು. ಕಸದ ಹೆಸರಿನಲ್ಲಿ ಹೊಸ ಸಾಮಾನಿಗೆ ಬಹುಮಾನ ಕೊಟ್ಟು, ನಿಜವಾಗಿ ಕಸದಿಂದ ಎದ್ದುಬಂದ ವಸ್ತುವನ್ನು ಕಸವೆಂದೇ ಬಗೆದು ಬಂದಿದ್ದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ಇದಾದ ಕೆಲವು ದಿನಗಳಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮನೆಗೆ ಬಂದರು. ಆಕೆ ಶಿಕ್ಷಣಶಾಸ್ತ್ರದ ಹೆಚ್ಚಿನ ವ್ಯಾಸಂಗಕ್ಕೆಂದು ಅಮೇರಿಕಾಕ್ಕೆ ಹೋದವಳು. ಬೇಸಗೆಯ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಊರೊಂದರಲ್ಲಿ, ಜನರೂ ಕಾರಖಾನೆಗಳೂ ಬೇಡವೆಂದು ಬಿಟ್ಟ ಸಾಮಾನನ್ನು ಸಂಗ್ರಹಿಸಿ ಕಲಾವಿದರಿಗೆ, ಉಪಾಧ್ಯಾಯರಿಗೆ, ಮಕ್ಕಳಿಗೆ ಒದಗಿಸುವ ಸೇವಾಸಂಸ್ಥೆಯೊಂದರಲ್ಲಿ ಕೆಲಸ ಕಲಿಯಲು ಸೇರಿದ್ದಳು. ತಂದೆಗೆ ಇದು ಸಂಕಟದ ಸಂಗತಿಯಾಗಿತ್ತು. "ಸಾಲಾ ಮಾಡಿ ಕಳಿಸೀನ್ರಿ ಸರ. ಅಲ್ಲಿ ಕುಂತು ಮಂದಿ ಒಗದ ಗುಂಡಿ ಆರಸಾಕತ್ತಾಳಂತ. ಇದನ್ನ ಕಲಿಯಾಕ ಅಷ್ಟು ದೂರ ಹೋಗಬೇಕಾಗಿತ್ತೇನ್ರಿ? ಬೀಗರು ಕೇಳಿದ್ರ ಏನಂತ ಹೇಳ್ಲಿ?" ಎಂದರು. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಮಗಳಿಗೇ ಬರೆದು ಕೇಳಿದೆ.

ಅಲ್ಲಿಯವರು ಈ ಬಗೆಯ ಕಲಿಕೆಯನ್ನು ಇಂಟರ್ನ್‌ಶಿಪ್ ಎನ್ನುತ್ತಾರೆ. ನಮ್ಮಲ್ಲಿ ಹಿಂದೆ ಕಚೇರಿಗಳಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಿದ್ದವರಿಗೆ ಉಮೇದುವಾರರೆಂಬ ಹೆಸರಿತ್ತು. ಉಮೇದು ಎಂಬ ಪಾರಸಿ ಮಾತಿಗೆ ಆಸೆ, ಭರವಸೆ ಎಂದು ಅರ್ಥ. ಆಕೆಯ ದೀರ್ಘವಾದ ಮಿಂಚಂಚೆಯನ್ನು ಓದಿದಾಗ ಹಳೆಯ ಮಾತೇ ಈ ಕೆಲಸಕ್ಕೆ ಹೆಚ್ಚು ಒಪ್ಪುವುದೆಂದು ನನಗೆ ತೋರಿತು.

ಮೊದಲ ದಿನ ಮೇಲ್ವಿಚಾರಕಿ ಅವಳ ಮುಂದೆ ಒಂದು ತೊಟ್ಟಿಯ ತುಂಬ ಗುಂಡಿಗಳನ್ನು ಸುರಿದು, ವಿಂಗಡಿಸೆಂದು ಹೇಳಿ ಹೋದಳಂತೆ. ಹೇಗೆ ವಿಂಗಡಿಸಬೇಕೆಂದು ಹೇಳಲಿಲ್ಲ. ಬಣ್ಣ ನೋಡಿ ಬೇರೆಮಾಡಿದರೆ ಗಾತ್ರ ಕಲಸಿಹೋಗುತ್ತದೆ. ಗಾತ್ರ ನೋಡಿದರೆ ಮೂಳೆಯ ಗುಂಡಿ, ಚಿಪ್ಪಿನ ಗುಂಡಿ, ಪ್ಲಾಸ್ಟಿಕ್ಕಿನ ಗುಂಡಿ ಒಂದೇ ರಾಶಿಗೆ ಬೀಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಒಂದು ಸಂಗತಿ ಹೊಳೆಯಿತು: ನಾವು ಒಂದು ಗುಣವನ್ನು ಹಿಡಿದಾಗ ಉಳಿದ ಗುಣಗಳು ನಮ್ಮ ಕಣ್ಣಿಗೆ ಮರೆಯಾಗುತ್ತವೆ. "ಸರ್, ನೀವು ತರಗತಿಯಲ್ಲಿ ಒಂದೇ ಪದ್ಯವನ್ನು ಮೂರು ಸಲ ಮೂರು ರೀತಿಯಾಗಿ ಓದಿಸುತ್ತಿದ್ದಿರಲ್ಲ, ಅದು ಆಗ ಅರ್ಥವಾಗಿರಲಿಲ್ಲ, ಗುಂಡಿಗಳು ಅರ್ಥಮಾಡಿಸಿದವು" ಎಂದು ಬರೆದಿದ್ದಳು.

ಮುಂದೆ ಬಟ್ಟೆಯಂಗಡಿಗಳ ಮಾದರಿತುಂಡುಗಳು, ನೂಲಿನ ಉರುಳೆಗಳು, ಸೀಸೆಯ ಬಿರಡೆಗಳು, ಹಳೆಯ ಭೂಪಟಗಳು, ಒಡೆದ ಹೆಂಚುಬಿಲ್ಲೆಗಳು ಬಂದವು. ಕೊಳೆಯಾದುದನ್ನು, ಕೈಗೆ ತಾಗುವಂತಹ ಮೊನೆಯುಳ್ಳದ್ದನ್ನು ತೆಗೆದುಹಾಕಬೇಕು. ಉಳಿದುದನ್ನು ತೂಗಿ ಬರೆದಿಟ್ಟು ಹಲಗೆಗಳ ಮೇಲೆ ಜೋಡಿಸಬೇಕು. ಒಮ್ಮೆ ಅವಳು ಬಟ್ಟೆಯ ತುಂಡುಗಳನ್ನು ಪೆಟ್ಟಿಗೆಗೆ ಹಾಕಿ 'ಚಿಂದಿ' ಎಂಬರ್ಥದ ಚೀಟಿಯನ್ನಂಟಿಸಿದಳಂತೆ. ಎರಡು ದಿನವಾದರೂ ಅದನ್ನು ಮುಟ್ಟಿದವರಿಲ್ಲ. ಮೇಲ್ವಿಚಾರಕಿ ಬಂದು ಚೀಟಿಯನ್ನು ಕಿತ್ತು, ತುಂಡುಗಳನ್ನು ಬಣ್ಣದ ಏರಿಳಿತಕ್ಕೆ ತಕ್ಕಂತೆ ಮಡಿಸಿಟ್ಟಳು. ಸಂಜೆಯೊಳಗೆ ಪೆಟ್ಟಿಗೆ ಬರಿದಾಯಿತು. ಬಟ್ಟೆ ಅದೇ, ಹೆಸರು ಮಾತ್ರ ಹೋಗಿತ್ತು. ಶಾಲೆಯ ಮಕ್ಕಳು ಬಂದಾಗಲೂ ಅಲ್ಲಿ ಅದೇ ನಿಯಮ. ಕೈಯಲ್ಲಿರುವ ವಸ್ತು ಏನಾಗಿತ್ತೆಂದು ಮಗುವಿಗೆ ಹೇಳಬಾರದು. ಅದು ಏನಾಗಬಲ್ಲದೆಂದು ಮಗುವೇ ಕಂಡುಕೊಳ್ಳಬೇಕು.

ಇಂತಹ ಸಂಸ್ಥೆಗಳು ಆ ನಾಡಿನಲ್ಲಿ ಹೇಗೆ ಹುಟ್ಟಿದವೆಂದು ತಿಳಿಯುವ ಕುತೂಹಲ ನನಗುಂಟಾಯಿತು. ಹುಡುಕುತ್ತ ಹೋದಾಗ ದೊರೆತುದು ರೂತ್ ಅಸಾವಾ ಎಂಬ ಶಿಲ್ಪಿಯ ಜೀವನವೃತ್ತಾಂತ. ಆಕೆ 1926ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಜಪಾನಿನಿಂದ ಬಂದು ನೆಲೆಸಿದ ಒಕ್ಕಲಿಗರ ಮನೆಯಲ್ಲಿ ಹುಟ್ಟಿದಳು. ಎರಡನೆಯ ಮಹಾಯುದ್ಧದಲ್ಲಿ ಜಪಾನು ಅಮೇರಿಕದ ಶತ್ರುವಾಯಿತು. ಅಲ್ಲಿ ಹುಟ್ಟಿ ಬೆಳೆದ ಜಪಾನೀ ಮನೆತನಗಳವರನ್ನೂ ಸರಕಾರ ಬಂಧನಶಿಬಿರಗಳಿಗೆ ಅಟ್ಟಿತು. 1942ರಲ್ಲಿ ಅಸಾವಾ ಮನೆಯವರು ಸಾಂತಾ ಅನೀತಾ ಎಂಬ ಕುದುರೆಪಂದ್ಯದ ಮೈದಾನದ ಲಾಯದಲ್ಲಿ ವಾಸಿಸಬೇಕಾಯಿತು. ಅದೇ ಲಾಯಗಳಲ್ಲಿ ಸೆರೆಯಾಗಿದ್ದ, ಡಿಸ್ನಿಯ ಚಿತ್ರಶಾಲೆಯಲ್ಲಿ ದುಡಿದಿದ್ದ ಕಲಾವಿದರು ಹುಡುಗರಿಗೆ ಚಿತ್ರ ಬರೆಯಲು ಕಲಿಸಿದರು. ಹದಿನಾರರ ಹುಡುಗಿಗೆ ಅದೇ ಮೊದಲ ಕಲಾಶಾಲೆ.

ಮುಂದೆ ಆಕೆ ಉಪಾಧ್ಯಾಯಿನಿಯಾಗಬೇಕೆಂದು ಮಿಲ್ವಾಕಿಯ ಶಿಕ್ಷಕರ ಕಾಲೇಜನ್ನು ಸೇರಿದಳು. ಪದವಿಗೆ ಕೊನೆಯಲ್ಲಿ ಯಾವುದಾದರೊಂದು ಶಾಲೆಯಲ್ಲಿ ಪಾಠದ ಅಭ್ಯಾಸ ಮಾಡಬೇಕು. ಜಪಾನೀ ಮೊಗದವಳಿಗೆ ಆ ಅವಕಾಶ ದೊರೆಯಲಿಲ್ಲ. ಉಮೇದುವಾರಿಯೇ ಇಲ್ಲವಾದುದರಿಂದ ಪದವಿಯೂ ಇಲ್ಲವಾಯಿತು. 1946ರಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಹೋಗಿ, ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದಿದ್ದ ಯೋಸೆಫ್ ಆಲ್ಬರ್ಸ್ ಎಂಬ ಗುರುವಿನ ಬಳಿ ಕಲಿತಳು. ಒಣಗಿದ ಎಲೆ, ಕಾಗದ, ತಂತಿ ಮೊದಲಾದ ಅಗ್ಗದ ವಸ್ತುಗಳನ್ನಿಟ್ಟುಕೊಂಡು ನೋಡುವುದನ್ನು ಕಲಿಸುವುದು ಆ ಗುರುವಿನ ಪದ್ಧತಿ. 1947ರಲ್ಲಿ ಮೆಕ್ಸಿಕೋದ ತೊಲೂಕಾದಲ್ಲಿ ಹಳ್ಳಿಯವರು ತಂತಿಯ ಬುಟ್ಟಿ ಹೆಣೆಯುವುದನ್ನು ಕಂಡು ಆ ವಿದ್ಯೆಯನ್ನು ತನ್ನದಾಗಿಸಿಕೊಂಡಳು. ಗಾಳಿಯನ್ನೇ ಒಳಗೆ ತುಂಬಿಕೊಂಡು ತೂಗುವಂತಿರುವ ಆಕೆಯ ತಂತಿಶಿಲ್ಪಗಳು ಇಂದು ಲೋಕಪ್ರಸಿದ್ಧವಾಗಿವೆ.

ಆರು ಮಕ್ಕಳ ತಾಯಿಯಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದಾಗ, ತನ್ನ ಮಕ್ಕಳು ಹೋಗುವ ಅಲ್ವರಾಡೋ ಶಾಲೆಯಲ್ಲಿ ಕಲೆಗೆ ಸ್ಥಾನ ಸಾಲದೆಂಬುದು ಅವಳನ್ನು ಬಾಧಿಸಿತು. 1968ರಲ್ಲಿ ಸ್ಯಾಲಿ ವುಡ್‌ಬ್ರಿಜ್ ಎಂಬ ಗೆಳತಿಯೊಡನೆ ಆ ಶಾಲೆಯಲ್ಲಿ ಕಲಾಕಾರ್ಯಾಗಾರವನ್ನು ತೆರೆದಳು. ಹಣ ಅತ್ಯಲ್ಪ. ಹಾಲಿನ ರಟ್ಟಿನ ಡಬ್ಬಿ, ಮೊಟ್ಟೆಯ ರಟ್ಟಿನ ತಟ್ಟೆ, ಉಣ್ಣೆಯ ಉಳಿದ ಎಳೆ, ಮೈದಾಹಿಟ್ಟಿಗೆ ಉಪ್ಪು ನೀರು ಬೆರೆಸಿದ ಕಣಕ: ಇವೇ ಮಕ್ಕಳ ಕೈಯ ಸಾಮಗ್ರಿ. ಮುಂದೆ ಆ ಕಾರ್ಯಕ್ರಮ ನಗರದ ಸುಮಾರು 50 ಶಾಲೆಗಳಿಗೆ ಹಬ್ಬಿತು. 1973ರಲ್ಲಿ ನಗರದ ಹೋಟೆಲೊಂದರ ಮುಂದಿನ ಕಾರಂಜಿಗೆ ನೂರಾರು ಜನರಿಂದ ಇದೇ ಕಣಕದಲ್ಲಿ ಊರಿನ ಚಿತ್ರಗಳನ್ನು ಮಾಡಿಸಿ, ಅವನ್ನು ಕಂಚಿನಲ್ಲಿ ಎರಕ ಹೊಯ್ಯಿಸಿದಳು. ರೊಟ್ಟಿಯ ಹಿಟ್ಟು ಕಂಚಾಯಿತು. ಕಲಾವಿದರಿಗೂ ಶಾಲೆಗಳಿಗೂ ಉಳಿಕೆಯ ಸಾಮಾನನ್ನು ಒದಗಿಸುವ 'ಸ್ಕ್ರ್ಯಾಪ್' ಎಂಬ ಸಂಸ್ಥೆ ಅದೇ ನಗರದಲ್ಲಿ 1976ರಲ್ಲಿ ಆರಂಭವಾದಾಗ ಅಸಾವಾ ಅದಕ್ಕೆ ಒತ್ತಾಸೆಯಾಗಿ ನಿಂತಳು. ಅಂದು ದೊರೆಯದೆ ಹೋದ ಪದವಿಯನ್ನು ಮಿಲ್ವಾಕಿಯ ವಿಶ್ವವಿದ್ಯಾಲಯ 1998ರಲ್ಲಿ ಕೊಟ್ಟಿತು. 2010ರಲ್ಲಿ ನಗರದ ಕಲಾಪ್ರೌಢಶಾಲೆಗೆ ಆಕೆಯ ಹೆಸರನ್ನಿಟ್ಟರು. 2013ರಲ್ಲಿ ಆಕೆ ತೀರಿಕೊಂಡಳು. ಒಂದು ಸರಕಾರ ಬೇಡವೆಂದು ಒಂದೆಡೆಗೆ ರಾಶಿಹಾಕಿದ ಜನರಲ್ಲಿ ಒಬ್ಬಳಾಗಿದ್ದವಳಿಗೆ, ಯಾವುದನ್ನೂ ಬೇಡವೆಂದು ಎಸೆಯುವ ಮೊದಲು ಇನ್ನೊಮ್ಮೆ ನೋಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನ್ಯೂಯಾರ್ಕಿನ ಕಥೆ ಇಷ್ಟು ಗಂಭೀರವಲ್ಲ. 1978ರಲ್ಲಿ ಅಲ್ಲಿಯ ಮೃಗಾಲಯಕ್ಕೆ ಪ್ರಾಣಿಗಳ ಔಷಧವನ್ನು ಇಡಲು ಒಂದು ಶೈತ್ಯಪೆಟ್ಟಿಗೆ ಬೇಕಾಗಿತ್ತು. ನಗರದ ಸಂಸ್ಕೃತಿ ಇಲಾಖೆಯಲ್ಲಿದ್ದ ಏಂಜೆಲಾ ಫ್ರೆಮಾಂಟ್ ಎಂಬ ಕಲಾವಿದೆ ರೇಡಿಯೋದ ಮೂಲಕ ಕೇಳಿಕೊಂಡಳು. ಬೇಕಾದುದು ಒಂದು, ಕೊಡುತ್ತೇವೆಂದು ಮುಂದೆ ಬಂದವರು ಹಲವರು. ಕೊಡುವವರಿಗೂ ಬೇಕಾದವರಿಗೂ ನಡುವೆ ಒಂದು ಕಣಜವಿದ್ದರೆ ಸಾಕೆಂದು ಆಗ ಹೊಳೆಯಿತು. ಹಾಗೆ ಹುಟ್ಟಿದ 'ಮೆಟೀರಿಯಲ್ಸ್ ಫಾರ್ ದಿ ಆರ್ಟ್ಸ್' ಎಂಬ ಉಗ್ರಾಣದಿಂದ ನಗರದ ಸರಕಾರಿ ಶಾಲೆಗಳ ಉಪಾಧ್ಯಾಯರು ಬೇಕಾದ ಸಾಮಾನನ್ನು ಬಿಟ್ಟಿಯಾಗಿ ಒಯ್ಯಬಹುದು.

ಇದನ್ನೆಲ್ಲ ಓದಿ ನಾನು ಮರುಳಾದೆನೆಂದು ಓದುಗರು ಭಾವಿಸಬಾರದು. ಗುಂಡಿ ಬಿರಡೆಗಳನ್ನು ಆರಿಸಿಟ್ಟ ಮಾತ್ರಕ್ಕೆ ಮಹಾನಗರಗಳ ಕಸದ ಬೆಟ್ಟ ಕರಗುವುದಿಲ್ಲ. ಇನ್ನೊಂದು ಅಪಾಯವೂ ಉಂಟು. ಸಿರಿವಂತರ ಶಾಲೆಗೆ ಬಣ್ಣದ ಪೆಟ್ಟಿಗೆ, ಬಡವರ ಶಾಲೆಗೆ ರದ್ದಿ ಎಂಬ ಪಂಕ್ತಿಭೇದಕ್ಕೆ ಇದು ನೆಪವಾಗಬಾರದು. ಅಸಾವಾ ಹಾಲಿನ ಡಬ್ಬಿಯನ್ನು ಕೊಟ್ಟಳು. ಆದರೆ ಅದರೊಡನೆ ನುರಿತ ಕಲಾವಿದರನ್ನೇ ಗುರುಗಳನ್ನಾಗಿ ಶಾಲೆಗೆ ಕರೆತಂದಳು. ಸಾಮಗ್ರಿ ಅಗ್ಗವಾಗಿದ್ದಾಗ ಗುರು ದೊಡ್ಡವನಾಗಿರಬೇಕು.

ನಮ್ಮ ದೇಶದಲ್ಲಿ ಅಂತಹ ಗುರುವಿಲ್ಲವೆ? ಕಾನ್ಪುರದ ಐ.ಐ.ಟಿ.ಯಿಂದ 1975ರಲ್ಲಿ ಎಂಜಿನಿಯರಾಗಿ ಹೊರಬಂದ ಅರವಿಂದ ಗುಪ್ತ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳಿಗೆ ಬಂದು, ಸೈಕಲ್ಲಿನ ವಾಲ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ರೇಖಾಗಣಿತವನ್ನು ಮಕ್ಕಳ ಕೈಗಿತ್ತರು. ಕಸದಿಂದ ಅವರು ಮಾಡಿದ ಆಟಿಕೆಗಳಿಗೆ ಲೆಕ್ಕವಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಅಷ್ಟು ದೂರವೇಕೆ, ನಮ್ಮ ಮನೆಯ ಕೌದಿಯನ್ನೇ ನೋಡಿರಿ. ಹರಿದ ಸೀರೆ, ಸವೆದ ಧೋತರ, ಚಿಕ್ಕದಾದ ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಓಡುಹೊಲಿಗೆ ಹಾಕುತ್ತ ಹೆಂಗಸರು ಒಂದು ಹೊದಿಕೆಯನ್ನು ಕಟ್ಟುತ್ತಾರೆ. ಅಜ್ಜಿಗೆ ಸೂಜಿಯಲ್ಲಿ ದಾರ ಪೋಣಿಸಿಕೊಡುವ ಮೊಮ್ಮಗಳದೂ ಉಮೇದುವಾರಿಯೇ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತ ಹೋಗುತ್ತಾರೆ. ನಾಲ್ಕು ಮೂಲೆಗೂ 'ಫೂಲ'ವೆಂಬ ಬಟ್ಟೆಯ ಹೂವನ್ನು ಕೂಡಿಸದಿದ್ದರೆ ಕೌದಿ ಪೂರ್ಣವಾಗದೆಂಬುದು ಅವರ ನಂಬಿಕೆ. ಆ ಕೌದಿಗಳು ಇಂದು ಅಮೇರಿಕದ ವಸ್ತುಸಂಗ್ರಹಾಲಯಗಳಲ್ಲಿ ಕಲಾಕೃತಿಗಳಾಗಿ ತೂಗಿವೆ.

ಹಾಗಾದರೆ ಆ ತಂದೆಯ ನಾಚಿಕೆಗೆ ಕಾರಣವೇನು? ನಾವು ವಸ್ತುವನ್ನು ಕಸವೆಂದು ಕರೆದು ಸುಮ್ಮನಿರಲಿಲ್ಲ. ಅದನ್ನು ಮುಟ್ಟುವ ಕೈಯನ್ನೂ ಅದೇ ಹೆಸರಿನಿಂದ ಕರೆದೆವು. ಯಾರು ಎಸೆಯಬೇಕು, ಯಾರು ಎತ್ತಬೇಕು ಎಂಬುದನ್ನು ಹುಟ್ಟಿನಿಂದಲೇ ನಿಶ್ಚಯಿಸಿದೆವು. ಹೆಗಲಿಗೆ ಚೀಲ ಹಾಕಿಕೊಂಡು ಬೀದಿ ತಿರುಗುವ ಗುಜರಿಯವನಿಗೆ ಲೋಹ, ಗಾಜು, ಕಾಗದ, ಪ್ಲಾಸ್ಟಿಕ್ಕುಗಳ ಭೇದ ನೋಡಿದೊಡನೆ ತಿಳಿಯುತ್ತದೆ. ಅಮೇರಿಕದಲ್ಲಿ ನನ್ನ ವಿದ್ಯಾರ್ಥಿನಿ ಒಂದು ಬೇಸಗೆಯಲ್ಲಿ ಕಲಿಯಲು ಹೆಣಗಿದ ವಿದ್ಯೆ ಅವನಲ್ಲಿ ಸಿದ್ಧವಾಗಿದೆ. ಅವನನ್ನು ವಿದ್ಯಾವಂತನೆಂದು ನಾವು ಎಂದಾದರೂ ಕರೆದಿದ್ದೇವೆಯೆ?

ತಂದೆಯವರನ್ನು ಮತ್ತೆ ಕಂಡಾಗ, ಅವರ ಮನೆಯಲ್ಲಿ ಕೌದಿ ಇದೆಯೆ ಎಂದು ಕೇಳಿದೆ. "ಐತ್ರಿ, ನಮ್ಮವ್ವ ಹೊಲದದ್ದು. ಅದನ್ನ ಹಾಸಿಕೊಂಡ್ರನ ನನಗ ನಿದ್ದಿ" ಎಂದರು. ಅದರಲ್ಲಿರುವುದೆಲ್ಲ ಚಿಂದಿಯಲ್ಲವೆ ಎಂದೆ. "ಅದು ಬ್ಯಾರೆ ಬಿಡ್ರಿ ಸರ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, ಮಗಳೊಡನೆ ಮಾತಾಡುವಾಗ ಆ ಗುಂಡಿಗಳನ್ನು ಏನು ಮಾಡಿದಳೆಂದು ಕೇಳುತ್ತೇನೆಂದರು.

ಈ ವರ್ಷವೂ ಶಾಲೆಯವರು ಕರೆದರು. ಮನೆಯಲ್ಲಿಯೋ ಬೀದಿಯಲ್ಲಿಯೋ ಉಳಿದ ವಸ್ತುವನ್ನು ಶಾಲೆಗೇ ತಂದು, ಎಲ್ಲರೆದುರಿಗೆ ಅಲ್ಲಿಯೇ ಕೃತಿ ಮಾಡಬೇಕೆಂಬ ನಿಯಮವಾದರೆ ಬರುತ್ತೇನೆಂದೆ, ಒಪ್ಪಿದರು. ಹೋದೊಡನೆ ಚಕ್ಕಡಿಯ ಹುಡುಗನನ್ನು ಹುಡುಕಿ, ಕಳೆದ ಸಲದ ತಪ್ಪನ್ನು ಒಪ್ಪಿಕೊಂಡು, ಆ ಚಕ್ಕಡಿಯನ್ನು ಇನ್ನೊಮ್ಮೆ ನೋಡಬೇಕೆಂದು ಕೇಳಿದೆ. ಅವನು ನಗುತ್ತ, "ಅದನ್ನ ಆಗಲೇ ಬಿಚ್ಚೇನ್ರಿ ಸರ. ಗಾಲಿ ಬ್ಯಾರೇದಕ್ಕ ಬೇಕಾಗಿದ್ದುವು" ಎಂದ.