ವಿದ್ಯಾರ್ಥಿನಿಲಯದ ಬಚ್ಚಲುಮನೆ: ಪ್ರತ್ಯೇಕವೇ, ಸಾಮೂಹಿಕವೇ?

ವಿದ್ಯೆಗೆ ಆರೋಗ್ಯ ಆಧಾರ, ಆರೋಗ್ಯಕ್ಕೆ ಶುಚಿತ್ವ ಆಧಾರ. ಈ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಮಗನನ್ನೋ ಮಗಳನ್ನೋ ವಿದ್ಯಾರ್ಥಿನಿಲಯಕ್ಕೆ ಸೇರಿಸುವ ಸಂದರ್ಭದಲ್ಲಿ ತಂದೆತಾಯಿಗಳು ವಿಚಾರಿಸುವುದು ಬಹುಮಟ್ಟಿಗೆ ಊಟ, ಶುಲ್ಕ ಮತ್ತು ಕಾಲೇಜಿನ ದೂರ, ಈ ಮೂರನ್ನು ಮಾತ್ರ. ಬಚ್ಚಲುಮನೆಯ ವಿಷಯ ಬಂದರೆ ಒಂದೇ ಪ್ರಶ್ನೆಯಲ್ಲಿ ವಿಚಾರಣೆ ಮುಗಿಯುತ್ತದೆ: ‘ಅಟ್ಯಾಚ್ಡೋ, ಕಾಮನ್ನೋ?’ ಅಟ್ಯಾಚ್ಡ್ ಎಂದರೆ ಸಮಾಧಾನ. ಕಾಮನ್ ಎಂದರೆ ಅಸಮಾಧಾನ.

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ಕನ್ನಡಿಗ ಕುಟುಂಬಗಳಿಗೆ ಈ ಪ್ರಶ್ನೆ ಹೊಸದಲ್ಲ. ನೆರೂಲ್, ಕಾಮೋಟೆಗಳ ವೈದ್ಯಕೀಯ ಕಾಲೇಜುಗಳಿಗೂ ವಾಶಿ, ಪನ್ವೇಲ್ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಿಗೂ ಊರಿನಿಂದ ಬಂಧುಗಳ ಮಕ್ಕಳು ಬರುವುದುಂಟು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಮಣಿಪಾಲಕ್ಕೋ ಸುರತ್ಕಲ್ಲಿಗೋ ಹೋಗುವುದೂ ಉಂಟು. ಡೊಂಬಿವಲಿಯಿಂದ ಥಾಣೆಯಲ್ಲಿ ಗಾಡಿ ಬದಲಿಸಿ ನೆರೂಲಿಗೆ ದಿನವೂ ಹೋಗಿಬರುವ ಶ್ರಮವನ್ನು ತಪ್ಪಿಸಲು ಮನೆ ಹತ್ತಿರವಿದ್ದರೂ ಹಾಸ್ಟೆಲ್ ಹಿಡಿಯುವವರೂ ಇದ್ದಾರೆ. ಆದುದರಿಂದ ಈ ವಿಷಯವನ್ನು ಆರೋಗ್ಯ, ಅನುಕೂಲ ಮತ್ತು ಹಣ ಈ ಮೂರೂ ದೃಷ್ಟಿಗಳಿಂದ ಪರಿಶೀಲಿಸುವುದು ಉಚಿತ.

ಚಾಳು ಕಲಿಸಿದ ಪಾಠ

ಊರಿನ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಒಂದೇ. ಹಂಡೆಯ ಬಿಸಿನೀರು ಇಡೀ ಕುಟುಂಬಕ್ಕೆ. ಶೌಚಗೃಹವಿದ್ದರೆ ಅದು ಹಿತ್ತಿಲಿನ ಆಚೆ. ಮುಂಬಯಿಗೆ ಬಂದವರಿಗೆ ಚಾಳಿನ ಜೀವನ ಎದುರಾಯಿತು. 1920ರ ದಶಕದಲ್ಲಿ ವರ್ಲಿ, ನಾಯಗಾಂವ್ ಮುಂತಾದೆಡೆ ಕಟ್ಟಲಾದ ಬಿ.ಡಿ.ಡಿ. ಚಾಳುಗಳಲ್ಲಿ ಒಂದೊಂದು ಕೋಣೆಯ ವಿಸ್ತೀರ್ಣ 160 ಚದರ ಅಡಿ. ಶೌಚಗೃಹಗಳು ಮಾತ್ರ ಆಯಾ ಅಂತಸ್ತಿನವರಿಗೆಲ್ಲ ಸೇರಿ. ಡೊಂಬಿವಲಿ, ಕಲ್ಯಾಣ್‌ಗಳ ಹಳೆಯ ಚಾಳುಗಳಲ್ಲಿಯೂ ಸ್ನಾನಕ್ಕೆ ಕೋಣೆಯ ಮೂಲೆಯ ಮೋರಿ, ಶೌಚಕ್ಕೆ ಹೊರಗಿನ ಸಾಲು ಎಂಬುದೇ ರೂಢಿ.

ಆ ಜೀವನವನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಎಲ್ಲರಿಗೂ ತೆರೆದಿದ್ದ ಶೌಚಗೃಹ ಯಾರದೂ ಆಗದೆ ಹೊಲಸಾಗುತ್ತಿತ್ತು. ಮೂರುನಾಲ್ಕು ಮನೆಗಳು ಸೇರಿ ಒಂದಕ್ಕೆ ಬೀಗ ಹಾಕಿ, ಕೀಲಿಕೈಯನ್ನು ತಮ್ಮ ತಮ್ಮ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿಕೊಂಡಿದ್ದರೆ, ಅದೇ ಸಾಲಿನ ಆ ಒಂದು ಶೌಚಗೃಹ ಚೊಕ್ಕಟವಾಗಿರುತ್ತಿತ್ತು. ಎರಡೂ ಹಂಚಿಕೆಯವೇ. ಭೇದವಿದ್ದದ್ದು ಬಳಸುವವರ ಸಂಖ್ಯೆಯಲ್ಲಿ ಮತ್ತು ಹೊಣೆ ಹೊತ್ತವರು ಯಾರೆಂಬುದರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಗೂಡಿ ನಡೆಸುವ ಗಣನೆಯಲ್ಲಿ, ಒಳ್ಳೆಯ ರಚನೆಯ ಶೌಚಾಲಯವಾದರೂ ಅದನ್ನು ಬೇರೆ ಕುಟುಂಬಗಳೊಂದಿಗೆ ಹಂಚಿಕೊಳ್ಳುತ್ತಿದ್ದರೆ ಅದಕ್ಕೆ ‘ಸೀಮಿತ’ ಎಂಬ ಕೆಳಗಿನ ದರ್ಜೆಯೇ ಸಿಗುತ್ತದೆ. ಹಂಚಿಕೆಯಲ್ಲಿ ಅಪಾಯವಿದೆಯೆಂಬುದನ್ನು ಇದು ಸೂಚಿಸುತ್ತದೆ. ಆದರೆ ಹಂಚಿಕೆ ಎಂದೊಡನೆ ಎಷ್ಟು ಜನರ ಹಂಚಿಕೆ ಎಂದು ಕೇಳದಿದ್ದರೆ ವಿಚಾರ ಅರ್ಧಕ್ಕೇ ನಿಂತುಹೋಗುತ್ತದೆ.

ಎಣಿಕೆಯ ಪ್ರಶ್ನೆ

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಿದ್ಯಾರ್ಥಿನಿಲಯಗಳಿಗೆ ಅಳತೆಯನ್ನು ಹಾಕಿಕೊಟ್ಟಿದೆ. ಅದರ ಪ್ರಕಾರ 8 ಮಂದಿ ಹುಡುಗರಿಗೆ ಒಂದು ಶೌಚಗೃಹ ಮತ್ತು ಒಂದು ಸ್ನಾನಗೃಹ. ಹುಡುಗಿಯರಾದರೆ 6 ಮಂದಿಗೆ ಒಂದೊಂದು. ನೀರಿನ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರು. ಈ ಅಳತೆಗಳು ಕನಿಷ್ಠ ಮಿತಿಗಳೇ ಹೊರತು ಸುಖದ ಮಿತಿಗಳಲ್ಲ.

ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಂದು ಅಂತಸ್ತಿನಲ್ಲಿ 24 ಹುಡುಗರಿದ್ದು 3 ಸ್ನಾನಗೃಹಗಳಿವೆ ಎನ್ನೋಣ. ಒಬ್ಬೊಬ್ಬರಿಗೆ 12 ನಿಮಿಷ ಹಿಡಿದರೆ ಎಲ್ಲರ ಸ್ನಾನ ಮುಗಿಯಲು 96 ನಿಮಿಷ ಬೇಕು. ಬೆಳಗಿನ 6 ಗಂಟೆಗೆ ಪ್ರಾರಂಭವಾದರೆ ಕೊನೆಯವನು ಹೊರಬರುವಾಗ 7 ಗಂಟೆ 36 ನಿಮಿಷ. ಒಂದು ಸ್ನಾನಗೃಹದ ಬೀಗ ಕೆಟ್ಟರೆ ಅದೇ ಸ್ನಾನ 144 ನಿಮಿಷಗಳಿಗೆ ಎಳೆಯುತ್ತದೆ. ಎರಡು ಕೋಣೆಗಳ ನಡುವೆ 4 ಮಂದಿಗೆ ಒಂದಿದ್ದರೆ 48 ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಪರೀಕ್ಷೆಯ ದಿನಗಳಲ್ಲಿ ಈ ಅಂತರದ ಬೆಲೆ ಏನೆಂಬುದನ್ನು ವಿದ್ಯಾರ್ಥಿಗಳೇ ಬಲ್ಲರು.

ಪೊವಾಯಿಯ ಐ.ಐ.ಟಿ.ಯ ಹಳೆಯ ಹಾಸ್ಟೆಲುಗಳಲ್ಲಿ ಕೋಣೆ ಒಬ್ಬೊಬ್ಬರದಾದರೂ ಸ್ನಾನಗೃಹಗಳು ಸಾಮೂಹಿಕವೇ. ಅಲ್ಲಿಂದ ಹೊರಬಂದವರ ವಿದ್ಯೆಗೆ ಅದರಿಂದ ಕುಂದಾಗಲಿಲ್ಲ. ಎಂದಮೇಲೆ ಸಾಮೂಹಿಕ ವ್ಯವಸ್ಥೆಯೇ ಕೆಟ್ಟದ್ದು ಎನ್ನಲಾಗದು.

ಭಯವೆಷ್ಟು, ನಿಜವೆಷ್ಟು?

ಸಾಮೂಹಿಕ ಶೌಚಗೃಹದ ಆಸನವನ್ನು ಮುಟ್ಟಿದರೆ ಗುಹ್ಯರೋಗಗಳು ಅಂಟುತ್ತವೆಂಬ ಭಯ ಹಲವರಲ್ಲಿದೆ. ಇದಕ್ಕೆ ಆಧಾರವಿಲ್ಲ, ಆ ರೋಗಗಳು ಹರಡುವ ಮಾರ್ಗವೇ ಬೇರೆ. ನಿಜವಾಗಿ ಹರಡುವುದು ಕೈಗಳ ಮೂಲಕ. ಭೇದಿ, ವಿಷಮಶೀತಜ್ವರ, ಹೆಪಟೈಟಿಸ್ ‘ಎ’ ಎಂಬ ಕಾಮಾಲೆ ಇವೆಲ್ಲ ಮಲದ ಕಣಗಳು ಕೈಗೂ ಕೈಯಿಂದ ಬಾಯಿಗೂ ತಲಪುವುದರಿಂದ ಬರತಕ್ಕವು. ನಲ್ಲಿಯ ತಿರುಗಣೆ, ಬಾಗಿಲ ಚಿಲಕ, ತಂಬಿಗೆಯ ಹಿಡಿ ಇವೇ ಅಪಾಯದ ಸ್ಥಾನಗಳು. ಕೈತೊಳೆಯುವ ಜಾಗದಲ್ಲಿ ಸದಾ ಸಾಬೂನು ಇರುವ ಸಾಮೂಹಿಕ ಶೌಚಗೃಹವು ಸಾಬೂನಿಲ್ಲದ ಪ್ರತ್ಯೇಕ ಶೌಚಗೃಹಕ್ಕಿಂತ ಲೇಸು.

ಎರಡನೆಯದು ಚರ್ಮರೋಗ. ಸದಾ ಒದ್ದೆಯಾಗಿರುವ ನೆಲದಲ್ಲಿ ಬರಿಗಾಲಿನಲ್ಲಿ ನಡೆದರೆ ಕಾಲ್ಬೆರಳುಗಳ ನಡುವೆ ಶಿಲೀಂಧ್ರ ಬೆಳೆಯುತ್ತದೆ. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಿದರೆ ಹುಳುಕಡ್ಡಿ ಹರಡುತ್ತದೆ. ಕಳೆದ ಕೆಲವು ವರ್ಷಗಳಿಂದ ಭಾರತದಲ್ಲಿ ಮಾಮೂಲು ಔಷಧಕ್ಕೆ ಜಗ್ಗದ ಹುಳುಕಡ್ಡಿ ಹೆಚ್ಚಿದೆ. ಇದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂಬ ಹೆಸರನ್ನೇ ಇಡಲಾಯಿತು. ವೈದ್ಯರನ್ನು ಕೇಳದೆ ಔಷಧದಂಗಡಿಯಿಂದ ಸ್ಟಿರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿದರೆ ತುರಿಕೆ ತಾತ್ಕಾಲಿಕವಾಗಿ ಅಡಗಿ ರೋಗ ಬಲಿಯುತ್ತದೆ. ಸ್ವಂತ ಟವೆಲು, ಸ್ವಂತ ರಬ್ಬರ್ ಚಪ್ಪಲಿ, ಬಟ್ಟೆ ಪೂರ್ಣವಾಗಿ ಒಣಗಲು ಬಿಸಿಲಿನ ಜಾಗ, ಇವು ಮೂರಿದ್ದರೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ. ಕೊಂಕಣದ ಮಳೆಗಾಲದಲ್ಲಿ ಮೂರನೆಯದೇ ಕಠಿಣ.

ಹೆಣ್ಣುಮಕ್ಕಳ ಮೌನ

ಎಲ್ಲಕ್ಕಿಂತ ಗಂಭೀರವಾದ, ಆದರೆ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯ ಇನ್ನೊಂದಿದೆ. ಶೌಚಗೃಹ ಹೊಲಸಾಗಿದ್ದರೆ, ಅಥವಾ ಕತ್ತಲೆಯ ಓಣಿಯನ್ನು ದಾಟಿ ಹೋಗಬೇಕಾಗಿದ್ದರೆ, ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೂತ್ರವನ್ನು ಗಂಟೆಗಟ್ಟಲೆ ತಡೆಹಿಡಿಯುತ್ತಾರೆ. ಸ್ತ್ರೀಯರಲ್ಲಿ ಮೂತ್ರನಾಳವು ಗಿಡ್ಡವಾಗಿರುವುದರಿಂದ ಸ್ವಂತ ಕರುಳಿನ ಬ್ಯಾಕ್ಟೀರಿಯಗಳೇ ಮೂತ್ರಕೋಶವನ್ನು ಸುಲಭವಾಗಿ ಸೇರುತ್ತವೆ. ಸಾಕಷ್ಟು ನೀರು ಕುಡಿದು ಕಾಲಕಾಲಕ್ಕೆ ವಿಸರ್ಜಿಸಿದರೆ ಅವು ಹೊರಗೆ ಹೋಗುತ್ತವೆ. ತಡೆಹಿಡಿದರೆ ಒಳಗೇ ವೃದ್ಧಿಯಾಗುತ್ತವೆ. ಉರಿಮೂತ್ರ, ಹೊಟ್ಟೆಯ ಕೆಳಭಾಗದ ನೋವು, ಕೆಲವೊಮ್ಮೆ ಮೂತ್ರಪಿಂಡಕ್ಕೇ ತಗಲುವ ಜ್ವರ ಇದರ ಫಲ. ಅಂದರೆ ರೋಗ ಬರುವುದು ಶೌಚಗೃಹವನ್ನು ಬಳಸುವುದರಿಂದಲ್ಲ, ಬಳಸಲು ಹೇಸಿ ಬಿಡುವುದರಿಂದ.

ಮುಟ್ಟಿನ ದಿನಗಳಲ್ಲಿ ಕಷ್ಟ ಇಮ್ಮಡಿಯಾಗುತ್ತದೆ. ಮುಚ್ಚಳವಿರುವ ಕಸದ ಬುಟ್ಟಿ, ಸರಿಯಾದ ಚಿಲಕ, ಉರಿಯುವ ದೀಪ ಇವು ಇಲ್ಲದ ಶೌಚಗೃಹಕ್ಕೆ ಹುಡುಗಿಯರು ಹೋಗಲು ಅಂಜುವುದು ಸಹಜ. ತಂದೆಯಾದವನು ಇದನ್ನು ಕೇಳಲು ಸಂಕೋಚಪಡುತ್ತಾನೆ. ಮಗಳು ಹೇಳಲು ಸಂಕೋಚಪಡುತ್ತಾಳೆ. ಆದುದರಿಂದ ಕೋಣೆ ನೋಡಲು ಹೋಗುವಾಗ ತಾಯಿಯೋ ಅಕ್ಕನೋ ಅತ್ತಿಗೆಯೋ ಜೊತೆಗಿರುವುದು ಉತ್ತಮ.

ಪ್ರತ್ಯೇಕವಾದರೆ ನಿರ್ಭಯವೇ?

ಪ್ರತ್ಯೇಕ ಬಚ್ಚಲುಮನೆಯ ಉಪಯೋಗಗಳು ನಿಸ್ಸಂದೇಹ. 2020ರ ಕೊರೋನಾ ಕಾಲದಲ್ಲಿ ಸೋಂಕಿತರನ್ನು ಪ್ರತ್ಯೇಕ ಶೌಚಗೃಹವಿರುವ ಕೋಣೆಯಲ್ಲಿ ಇರಿಸುವುದು ಮೇಲೆಂದು ಸೂಚಿಸಲಾಗಿತ್ತು. ಸಾಮೂಹಿಕ ವ್ಯವಸ್ಥೆಯ ಹಾಸ್ಟೆಲುಗಳಲ್ಲಿ ಅದು ದುಸ್ಸಾಧ್ಯವಾಯಿತು. ಆದರೂ ಅದಕ್ಕೆ ಅದರದೇ ಅಪಾಯಗಳಿವೆ.

ಮೊದಲನೆಯದು ಗ್ಯಾಸ್ ಗೀಸರು. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನೊಳಗೆ ಅದು ಉರಿಯುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆಸುತ್ತು ಬಂದಿತೆನ್ನುವಷ್ಟರಲ್ಲಿ ಮನುಷ್ಯನು ಕುಸಿದಿರುತ್ತಾನೆ. ಹೊರಗೆ ಸರದಿಯಲ್ಲಿ ನಿಂತವರಿದ್ದರೆ ಬಾಗಿಲು ಬಡಿಯುತ್ತಾರೆ. ಒಬ್ಬನೇ ಇರುವ ಕೋಣೆಯಲ್ಲಿ ಬಡಿಯುವವರು ಯಾರು? ಗ್ಯಾಸ್ ಗೀಸರು ಸ್ನಾನಗೃಹದ ಹೊರಗೆ, ಗಾಳಿಯಾಡುವ ಸ್ಥಳದಲ್ಲಿಯೇ ಇರಬೇಕು.

ಎರಡನೆಯದು ಒಣಗಿದ ನೆಲದ ಮೋರಿ. ಮೋರಿಯ ಬಾಗಿದ ಕೊಳವೆಯಲ್ಲಿ ನಿಂತ ನೀರೇ ಕೆಳಗಿನ ಕೊಳವೆಯ ದುರ್ಗಂಧವನ್ನೂ ರೋಗಾಣುಗಳನ್ನೂ ತಡೆಯುವ ಬಾಗಿಲು. ನೀರು ಹರಿಯದಿದ್ದರೆ ಅದು ಆವಿಯಾಗಿ ಬಾಗಿಲು ತೆರೆದಂತಾಗುತ್ತದೆ. 2003ರಲ್ಲಿ ಹಾಂಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಂಕೀರ್ಣದಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ರೋಗ ತಗಲಿತು. ಅಲ್ಲಿ ಪ್ರತಿ ಮನೆಗೂ ಸ್ವಂತ ಬಚ್ಚಲಿತ್ತು; ಒಣಗಿದ ಮೋರಿಗಳ ಮೂಲಕ ಸೋಂಕು ಮನೆಯಿಂದ ಮನೆಗೆ ಏರಿತೆಂದು ತನಿಖೆ ತೋರಿಸಿತು. ರಜೆ ಮುಗಿಸಿ ಬಂದ ವಿದ್ಯಾರ್ಥಿ ಮೊದಲು ಮಾಡಬೇಕಾದ ಕೆಲಸ ಮೋರಿಗೆ ಎರಡು ತಂಬಿಗೆ ನೀರು ಸುರಿಯುವುದು.

ಮೂರನೆಯದು, ಪ್ರತ್ಯೇಕ ಬಚ್ಚಲನ್ನು ತೊಳೆಯುವವರು ಯಾರೆಂಬುದು. ಸಾಮೂಹಿಕ ಶೌಚಗೃಹಗಳನ್ನು ತೊಳೆಯಲು ನಿಲಯದ ಕೆಲಸಗಾರರಿರುತ್ತಾರೆ. ಕೋಣೆಯೊಳಗಿನದಾದರೆ ಅನೇಕ ಕಡೆ ವಿದ್ಯಾರ್ಥಿಯೇ ತೊಳೆಯಬೇಕು. ಮನೆಯಲ್ಲಿ ಒಂದು ದಿನವೂ ಪೊರಕೆ ಹಿಡಿಯದ ಹುಡುಗನ ಬಚ್ಚಲು ಎರಡು ತಿಂಗಳಲ್ಲಿ ಯಾವ ಸ್ಥಿತಿಗೆ ಬರುತ್ತದೆಂಬುದನ್ನು ಊಹಿಸಬಹುದು. ನೀರು ಕಡಿತವಾಗುವ ದಿನಗಳಿಗೆಂದು ತುಂಬಿಟ್ಟ ಬಕೀಟು, ಡ್ರಮ್ಮುಗಳನ್ನು ಮುಚ್ಚದೆ ಒಂದು ವಾರ ಬಿಟ್ಟರೆ ಡೆಂಗೀ ಸೊಳ್ಳೆಗೆ ಅದೇ ತವರುಮನೆ.

ಹಣದ ಲೆಕ್ಕ

ಪ್ರತ್ಯೇಕ ಬಚ್ಚಲಿಗೆ ತೆರುವ ಹೆಚ್ಚುವರಿ ಹಣ ಮೇಲ್ನೋಟಕ್ಕೆ ಅಲ್ಪವೆನಿಸುತ್ತದೆ. ಉದಾಹರಣೆಗೆ ತಿಂಗಳಿಗೆ 3,000 ರೂಪಾಯಿ ಹೆಚ್ಚೆಂದುಕೊಳ್ಳೋಣ. ವರ್ಷಕ್ಕೆ ಹತ್ತು ತಿಂಗಳಂತೆ 30,000. ನಾಲ್ಕು ವರ್ಷಗಳಿಗೆ 1,20,000. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಹಾಸ್ಟೆಲ್ ಶುಲ್ಕವೂ ಸೇರುತ್ತದೆ. ಈ ಹಣವೂ ಸಾಲದಿಂದಲೇ ಬಂದರೆ, ಪ್ರತಿ ವರ್ಷದ ಆರಂಭದಲ್ಲಿ ಪಾವತಿಯಾದ ಮೊತ್ತಕ್ಕೆ ಶೇಕಡಾ 10ರ ಸರಳ ಬಡ್ಡಿಯಂತೆ, ಓದು ಮುಗಿದು ಇನ್ನೊಂದು ವರ್ಷ ಕಳೆಯುವವರೆಗೆ ಬಡ್ಡಿಯೇ 42,000 ಆಗುತ್ತದೆ. ಒಟ್ಟು 1,62,000 ರೂಪಾಯಿಯ ಹೊರೆ ಮೊದಲ ಸಂಬಳದ ಮೇಲೆ ಬೀಳುತ್ತದೆ. ಇಷ್ಟಕ್ಕೆ ತಕ್ಕ ಪ್ರಯೋಜನವಿದೆಯೇ ಎಂದು ಪರಿಶೀಲಿಸದೆ ಒಪ್ಪುವುದು ವಿವೇಕವಲ್ಲ.

ಖಾಸಗಿ ಹಾಸ್ಟೆಲುಗಳ ಬಾಡಿಗೆಯ ಮೇಲೆ ಜಿ.ಎಸ್.ಟಿ. ಕೇಳಿದರೆ ಒಂದು ನಿಯಮ ನೆನಪಿರಲಿ. 2024ರ ಜೂನ್ ತಿಂಗಳ ಜಿ.ಎಸ್.ಟಿ. ಮಂಡಳಿಯ ನಿರ್ಧಾರದಂತೆ, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನಗಳ ನಿರಂತರ ವಾಸದ ವಸತಿಗೆ ವಿನಾಯಿತಿಯಿದೆ.

ನವಿಮುಂಬಯಿಯಲ್ಲಿ ಹಲವು ವಿದ್ಯಾರ್ಥಿಗಳು ಸೇರಿ ಫ್ಲ್ಯಾಟ್ ಹಿಡಿಯುವುದೂ ಸಾಮಾನ್ಯ. ಅಲ್ಲಿ ಒಂದು ಬಚ್ಚಲು ದೊಡ್ಡ ಮಲಗುವ ಕೋಣೆಗೆ ಸೇರಿದ್ದು, ಇನ್ನೊಂದು ಉಳಿದವರಿಗೆಲ್ಲ. ಬಾಡಿಗೆ 36,000 ಇದ್ದು 6 ಮಂದಿ ಇದ್ದರೆ ಸಮಪಾಲು 6,000. ಆದರೆ ಇಬ್ಬರಿಗೆ ಒಂದು ಬಚ್ಚಲು, ನಾಲ್ವರಿಗೆ ಒಂದು ಎಂದಾಗ ಸಮಪಾಲು ನ್ಯಾಯವಲ್ಲ. ಆ ಇಬ್ಬರು 6,800ರಂತೆ, ನಾಲ್ವರು 5,600ರಂತೆ ಕೊಟ್ಟರೆ ಮೊತ್ತವೂ ಸರಿಹೋಗುತ್ತದೆ, ಸ್ನೇಹವೂ ಉಳಿಯುತ್ತದೆ. ಲೀವ್ ಅಂಡ್ ಲೈಸೆನ್ಸ್ ಕರಾರನ್ನು ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ನೋಂದಾಯಿಸುವುದು ಕಡ್ಡಾಯ.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಒಂದು ಶೌಚಗೃಹವನ್ನೂ ಒಂದು ಸ್ನಾನಗೃಹವನ್ನೂ ನಿಜವಾಗಿ ಎಷ್ಟು ಮಂದಿ ಬಳಸುತ್ತಾರೆ? ಕೆಟ್ಟು ಬೀಗ ಬಿದ್ದಿರುವುದು ಎಷ್ಟು?

2. ದಿನಕ್ಕೆ ಎಷ್ಟು ಬಾರಿ ತೊಳೆಯುತ್ತಾರೆ? ಭಾನುವಾರ ಮತ್ತು ಹಬ್ಬದ ದಿನ ಯಾರು ತೊಳೆಯುತ್ತಾರೆ?

3. ನೀರು ಎಷ್ಟು ಹೊತ್ತು ಬರುತ್ತದೆ? ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವರೇ?

4. ಗೀಸರು ಯಾವುದು, ಎಲ್ಲಿದೆ? ಹೊರಗಾಳಿಗೆ ಕಿಟಕಿ ಇದೆಯೇ?

5. ಕೈತೊಳೆಯುವಲ್ಲಿ ಸಾಬೂನು, ಬಾಗಿಲಿಗೆ ಚಿಲಕ, ಓಣಿಯಲ್ಲಿ ದೀಪ, ಹುಡುಗಿಯರ ಶೌಚಗೃಹದಲ್ಲಿ ಮುಚ್ಚಿದ ಬುಟ್ಟಿ ಇವೆಯೇ?

ಈ ಪ್ರಶ್ನೆಗಳನ್ನು ಕಚೇರಿಯ ಮೇಜಿನ ಮುಂದೆ ಕೇಳಿದರೆ ಸಾಲದು. ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಹೋಗಿ ಕಣ್ಣಾರೆ ನೋಡಬೇಕು. ಮಧ್ಯಾಹ್ನ ಮೂರು ಗಂಟೆಗೆ ಯಾವ ಬಚ್ಚಲಾದರೂ ಚೊಕ್ಕಟವಾಗಿಯೇ ಕಾಣುತ್ತದೆ.

ಉತ್ತರಗಳು ತೃಪ್ತಿಕರವಾಗಿದ್ದರೆ ನಾಲ್ಕಾರು ಮಂದಿ ಹಂಚಿಕೊಳ್ಳುವ ಬಚ್ಚಲಿನಿಂದ ವಿದ್ಯಾರ್ಥಿಗೆ ಯಾವ ಹಾನಿಯೂ ಇಲ್ಲ. ಉಳಿದ ಹಣ ಹಾಲು, ಹಣ್ಣು, ಪುಸ್ತಕಗಳಿಗೆ ಒದಗುತ್ತದೆ. ಉತ್ತರಗಳು ತೃಪ್ತಿಕರವಾಗಿಲ್ಲದಿದ್ದರೆ, ಅದರಲ್ಲಿಯೂ ಹುಡುಗಿಯರ ವಿಷಯದಲ್ಲಿ, ಹೆಚ್ಚು ಹಣ ಕೊಟ್ಟಾದರೂ ಬೇರೆ ವ್ಯವಸ್ಥೆ ಮಾಡುವುದೇ ಲೇಸು. ದೀರ್ಘಕಾಲದ ಕಾಯಿಲೆಯವರು, ಅಂಗವೈಕಲ್ಯವುಳ್ಳವರು ಮೊದಲಿಗೇ ಪ್ರತ್ಯೇಕ ಬಚ್ಚಲನ್ನು ಕೇಳಿ ಪಡೆಯಬೇಕು.

ವಾರಕ್ಕೊಮ್ಮೆ ಮಕ್ಕಳಿಗೆ ಫೋನ್ ಮಾಡಿದಾಗ ‘ಊಟವಾಯಿತೇ, ಓದು ಹೇಗಿದೆ’ ಎಂದು ಕೇಳುವುದು ರೂಢಿ. ಅದರೊಂದಿಗೆ ‘ನೀರು ಸರಿಯಾಗಿ ಕುಡಿಯುತ್ತಿದ್ದೀಯಾ, ಬಚ್ಚಲು ಸ್ವಚ್ಛವಾಗಿದೆಯೇ’ ಎಂದೂ ಕೇಳುವ ಅಭ್ಯಾಸ ಬೆಳೆಯಲಿ. ಸಂಕೋಚದಿಂದ ಮುಚ್ಚಿಟ್ಟ ಎಷ್ಟೋ ಕಾಯಿಲೆಗಳು ಈ ಒಂದು ಪ್ರಶ್ನೆಯಿಂದ ಬೆಳಕಿಗೆ ಬಂದಾವು.